ಆರ್ಡಿನೇಟರ್, ವೋಕ್ರೀ, ಅಡಮಂಟ್: ಸ್ಕೈರಿಮ್‌ನಲ್ಲಿ ಯಾವುದಕ್ಕೆ ಯಾವುದು ಜೋಡಿ?

ಸ್ಕೈರಿಮ್ ಅನ್ನುವ ವಿಡಿಯೋ ಗೇಮ್ ಬಂದಿದ್ದು 2011ರ ನವೆಂಬರ್‌ನಲ್ಲಿ. 64 ಬಿಟ್‌ನ ಸ್ಪೆಷಲ್ ಎಡಿಷನ್ ಬಂದಿದ್ದು 2016ರಲ್ಲಿ. ಇಷ್ಟು ಹಳೆಯ ಆಟವನ್ನು ಜನ ಇನ್ನೂ ಆಡುತ್ತಿದ್ದಾರೆ ಅಂದ್ರೆ ಅದಕ್ಕೆ ದೊಡ್ಡ ಕಾರಣ ಮಾಡ್‌ಗಳು, ಅಂದ್ರೆ ಆಟವನ್ನು ಬದಲಿಸಲು ಆಟಗಾರರೇ ಮಾಡಿ ಹಂಚುವ ಸೇರ್ಪಡೆಗಳು. ಹೊಸಬರು ಸಾಮಾನ್ಯವಾಗಿ ಕೇಳುವುದು "ಯಾವ ಮಾಡ್ ಚೆನ್ನಾಗಿದೆ?" ಅಂತ. ಚೆನ್ನಾಗಿರುವವು ಬೇಕಾದಷ್ಟಿವೆ. ಈಗಾಗಲೇ ಹಾಕಿರುವುದರ ಜೊತೆ ಯಾವುದು ಜಗಳವಾಡದೆ ಇರುತ್ತದೆ ಅನ್ನುವುದೇ ಮುಖ್ಯ.

ಜಗಳ ಯಾಕೆ ಬರುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಈ ಆಟದಲ್ಲಿ ಕತ್ತಿ, ಮಂತ್ರ, ಕೋಣೆ, ಮನುಷ್ಯ ಎಲ್ಲವೂ ಒಂದೊಂದು ರೆಕಾರ್ಡ್. ಎರಡು ಮಾಡ್‌ಗಳು ಒಂದೇ ರೆಕಾರ್ಡ್ ಮುಟ್ಟಿದರೆ ಕೊನೆಗೆ ಲೋಡ್ ಆದದ್ದೇ ಗೆಲ್ಲುತ್ತದೆ. ಇದರದ್ದು ಅರ್ಧ, ಅದರದ್ದು ಅರ್ಧ ಅಂತ ಆಟ ತಾನಾಗಿ ಬೆರೆಸುವುದಿಲ್ಲ. ಲೂಟ್ ಅನ್ನುವ ಟೂಲ್ ಪ್ಲಗಿನ್‌ಗಳನ್ನು, ಅಂದ್ರೆ ಮಾಡ್‌ಗಳ ಫೈಲ್‌ಗಳನ್ನು, ಸಾಲಾಗಿ ಜೋಡಿಸಿಕೊಡುತ್ತದೆ, ಆದರೆ ಅದೂ ಬೆರೆಸುವುದಿಲ್ಲ. ಬೆರೆಸುವುದು ಪ್ಯಾಚ್‌ನ ಕೆಲಸ, ಅಂದ್ರೆ ಎರಡು ಮಾಡ್‌ಗಳನ್ನು ಹೊಂದಿಸಲು ಮಾಡಿದ ಸಣ್ಣ ಫೈಲ್‌ನದ್ದು.

ಆರ್ಡಿನೇಟರ್, ವೋಕ್ರೀ, ಅಡಮಂಟ್ ಮೂರೂ ಪರ್ಕ್ ಮಾಡ್‌ಗಳು. ಪರ್ಕ್ ಅಂದ್ರೆ ಲೆವೆಲ್ ಏರಿದಾಗ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ. ಇವನ್ನು ಹೋಲಿಸುವಾಗ ಪಾತ್ರ ಬದಲಿಸಲಿಲ್ಲ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಮಂತ್ರ ಹಿಡಿದ ಬ್ರೆಟನ್ (ಆಟದ ಒಂದು ಜನಾಂಗ). ಪ್ರತಿ ಸಲವೂ ಹೊಸ ಆಟ, ಕಷ್ಟದ ಮಟ್ಟ ಅದೇ ಅಡೆಪ್ಟ್, ಮೊದಲು ಬ್ಲೀಕ್ ಫಾಲ್ಸ್ ಬ್ಯಾರೋ ಅನ್ನುವ ಹಳೆಯ ಸಮಾಧಿ. ಪರ್ಕ್ ಮಾಡ್‌ಗಳನ್ನು ಹಳೆಯ ಸೇವ್ ಮೇಲೆ ಅದಲು ಬದಲು ಮಾಡಬಾರದು. ಕಿತ್ತು ಹಾಕಿದ ಮಾಡ್‌ನ ಸ್ಕ್ರಿಪ್ಟ್‌ಗಳು ಸೇವ್ ಒಳಗೇ ಉಳಿದುಬಿಡುತ್ತವೆ.

ಪರ್ಕ್‌ನಿಂದಲೇ ಶುರು ಮಾಡೋಣ, ಯಾಕಂದ್ರೆ ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ. ಮೂಲ ಆಟದಲ್ಲಿ 18 ಕೌಶಲ್ಯ, ಎಲ್ಲ ಹಂತ ಸೇರಿಸಿ 251 ಪರ್ಕ್. ಪ್ರತಿ ಕೌಶಲ್ಯದ ಪರ್ಕ್‌ಗಳನ್ನು ಕವಲೊಡೆದ ಮರದ ಹಾಗೆ ಜೋಡಿಸಿದ್ದಾರೆ. ಒಂದು ಕೈ ಆಯುಧದ ಮರದಲ್ಲಿ ಮೊದಲನೇ ಪರ್ಕ್ ಆರ್ಮ್ಸ್‌ಮನ್. ಐದು ಹಂತ, ಪ್ರತಿ ಹಂತಕ್ಕೂ ಏಟು ಶೇ. 20 ಜಾಸ್ತಿ, ಅಷ್ಟೇ. ಲೆವೆಲ್ ಏರಿದ ಖುಷಿಯಲ್ಲಿ ಮೆನು ತೆರೆದರೆ ಸಿಗುವುದು ಬರೀ ಒಂದು ಅಂಕಿ. ಈ ಸಪ್ಪೆತನವನ್ನು ಮೂರು ಮಾಡ್‌ಗಳೂ ಮೂರು ರೀತಿ ಸರಿ ಮಾಡುತ್ತವೆ.

ಆರ್ಡಿನೇಟರ್ 400ಕ್ಕೂ ಹೆಚ್ಚು ಹೊಸ ಪರ್ಕ್ ತರುತ್ತದೆ. ಆಲ್ಟರೇಷನ್ ಮರದ ವಾನ್ಸಿಯನ್ ಮ್ಯಾಜಿಕ್ ತೆಗೆದುಕೊಂಡರೆ ಮಂತ್ರಕ್ಕೆ ಮ್ಯಾಜಿಕಾ (ಮಂತ್ರ ಹಾಕುವ ಶಕ್ತಿ) ಖರ್ಚೇ ಇಲ್ಲ. ಬದಲಿಗೆ ಮಂತ್ರಗಳಿಗೆ ಲೆಕ್ಕವಿರುತ್ತದೆ, ಮಲಗಿ ಎದ್ದರೆ ಮಾತ್ರ ಮತ್ತೆ ತುಂಬುತ್ತದೆ. ಇದೊಂದೇ ಪರ್ಕ್‌ನಿಂದ ನನ್ನ ಬ್ರೆಟನ್ ಆಡುವ ರೀತಿ ಬದಲಾಯಿತು. ಗುಹೆಗೆ ಹೋಗುವ ಮೊದಲು ಎಲ್ಲಿ ಮಲಗಬೇಕು, ಯಾವ ಶತ್ರುವಿಗೆ ಕತ್ತಿ ಸಾಕು ಅಂತ ಯೋಚಿಸಬೇಕಾಯಿತು. ಮಾತುಗಾರಿಕೆಯ ಮರದಲ್ಲಿ ಹೋಗಿ ಇನ್‌ನಲ್ಲಿ (ತಂಗುವ ಛತ್ರದಲ್ಲಿ) ವಾದ್ಯ ನುಡಿಸಲೂಬಹುದು. ಇಷ್ಟು ಕಲ್ಪನೆ ಬೇರೆ ಯಾವ ಪರ್ಕ್ ಮಾಡ್‌ನಲ್ಲೂ ನಾನು ಕಂಡಿಲ್ಲ.

ತೊಂದರೆ ಎಲ್ಲಿ ಅಂದ್ರೆ, ಲೆವೆಲ್‌ಗೆ ಸಿಗುವುದು ಒಂದೇ ಪರ್ಕ್ ಪಾಯಿಂಟ್. 50ನೇ ಲೆವೆಲ್‌ಗೆ ಬಂದರೂ 400ರಲ್ಲಿ 50 ಕೂಡ ಕೈಗೆ ಬಂದಿರುವುದಿಲ್ಲ. ಹಾಗಾಗಿ ಜಾಸ್ತಿ ಪಾಯಿಂಟ್ ಕೊಡುವ ಅನ್‌ಕ್ಯಾಪರ್ ಬೇಕು ಅನಿಸುತ್ತದೆ. ಅದನ್ನು ಹಾಕಿದರೆ ಪಾತ್ರಕ್ಕೆ ಅತಿ ಬಲ ಬರುತ್ತದೆ. ಆಗ ಶತ್ರುಗಳನ್ನು ಗಟ್ಟಿ ಮಾಡಲು ಇನ್ನೊಂದು ಮಾಡ್. ಒಂದು ಮಾಡ್ ಮೂರಾಗುವುದು ಹೀಗೆ.

ವೋಕ್ರೀಯೂ ಆರ್ಡಿನೇಟರ್ ಮಾಡಿದವರದ್ದೇ, ಆದರೆ ಸ್ವಭಾವ ಬೇರೆ. ಮರಗಳು ಚಿಕ್ಕವು, ಓದಿದ ಕೂಡಲೇ ಅರ್ಥವಾಗುತ್ತವೆ, ಮೂಲ ಆಟದ ಧಾಟಿ ತಪ್ಪುವುದಿಲ್ಲ. ಮೊದಲ ಸಲ ಮಾಡ್ ಹಾಕುವವರಿಗೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಆರ್ಡಿನೇಟರ್ ರುಚಿ ಕಂಡವರಿಗೆ ಸ್ವಲ್ಪ ಸಪ್ಪೆ ಅನಿಸಬಹುದು.

ಅಡಮಂಟ್ ಕೂಡ ಮೂಲ ಆಟದ ಹತ್ತಿರವೇ ಇರುತ್ತದೆ. ಆದರೆ ಅದರ ಬಲ ಇರುವುದು ಅದರ ಜೊತೆಗಾರ ಮಾಡ್‌ಗಳ ಕುಟುಂಬದಲ್ಲಿ. ಮಂತ್ರಕ್ಕೆ ಮಿಸ್ಟಿಸಿಸಂ, ಜನಾಂಗಗಳಿಗೆ ಈಥೀರಿಯಸ್, ಕಾದಾಟಕ್ಕೆ ಬ್ಲೇಡ್ ಅಂಡ್ ಬ್ಲಂಟ್. ಎಲ್ಲ ಒಬ್ಬರದ್ದೇ, ಒಂದರ ಲೆಕ್ಕ ಇನ್ನೊಂದಕ್ಕೆ ಗೊತ್ತು. ನನ್ನ ಬ್ರೆಟನ್‌ಗೆ ಕತ್ತಿಯೂ ಮಂತ್ರವೂ ಒಂದೇ ತೂಕದಲ್ಲಿ ಬೆಳೆದದ್ದು ಇದರಲ್ಲಿ ಮಾತ್ರ. ಆರ್ಡಿನೇಟರ್‌ನಲ್ಲಿ ಒಂದು ಒಳ್ಳೆಯ ಜೋಡಿ ಪರ್ಕ್ ಸಿಕ್ಕಿತು ಅಂದ್ರೆ ಮಿಕ್ಕಿದ್ದನ್ನು ಕೈ ಬಿಟ್ಟರೂ ನಡೆಯುತ್ತದೆ.

ಮೂರರಲ್ಲಿ ಎರಡನ್ನು ಸೇರಿಸಿ ಹಾಕೋಣ ಅಂತ ಕೆಲವರಿಗೆ ಆಸೆ. ಖಂಡಿತ ಬೇಡ. ಪ್ರತಿ ಕೌಶಲ್ಯದ ಮರವೂ ಒಂದೇ ರೆಕಾರ್ಡ್. ಕೊನೆಗೆ ಲೋಡ್ ಆದ ಮಾಡ್‌ನ ಮರ ಕಾಣುತ್ತದೆ, ಆದರೆ ಮೊದಲನೆಯದು ಬದಲಿಸಿದ ಬೇರೆ ರೆಕಾರ್ಡ್‌ಗಳು ಒಳಗೆ ಹಾಗೇ ಇರುತ್ತವೆ.

ಮಂತ್ರಗಳ ವಿಷಯ ಸುಲಭ. ಓಡಿನ್ ಮತ್ತು ಮಿಸ್ಟಿಸಿಸಂ ಎರಡೂ ಮೂಲ ಮಂತ್ರಗಳನ್ನೇ ತಿದ್ದುತ್ತವೆ, ಹಾಗಾಗಿ ಒಂದೇ ಸಾಕು. ಅಪೋಕ್ಯಾಲಿಪ್ಸ್ ಹಾಗಲ್ಲ. ಅದು 155 ಹೊಸ ಮಂತ್ರ ಸೇರಿಸುತ್ತದೆ, ಎರಡರ ಜೊತೆಯೂ ಇರಬಲ್ಲದು. ಆರ್ಡಿನೇಟರ್ ಜೊತೆ ಹಾಕುವುದಾದರೆ ಅದಕ್ಕಂತಲೇ ಇರುವ ಸಣ್ಣ ಪ್ಯಾಚ್ ಮರೆಯಬೇಡಿ. ವೋಕ್ರೀ ಅಥವಾ ಆರ್ಡಿನೇಟರ್ ಆದರೆ ಓಡಿನ್, ಅಡಮಂಟ್ ಆದರೆ ಮಿಸ್ಟಿಸಿಸಂ. ಇಲ್ಲಿ ನನಗೆ ಅನುಮಾನವೇ ಇಲ್ಲ.

ನಿಜವಾದ ತಲೆನೋವು ಬೆಳಕಿನದ್ದು. ವೈಟ್‌ರನ್ ಊರಿನ ಬ್ಯಾನರ್ಡ್ ಮೇರ್ ಇನ್ ತೆಗೆದುಕೊಳ್ಳಿ. ಆ ಇನ್ ಒಂದು ಸೆಲ್ ರೆಕಾರ್ಡ್, ಅಂದ್ರೆ ಕೋಣೆಯ ರೆಕಾರ್ಡ್. ಬೆಳಕು, ಸಂಗೀತ, ಸದ್ದು, ಅದು ಯಾವ ಸ್ಥಳಕ್ಕೆ ಸೇರಿದ್ದು, ಯಾರದ್ದು ಎಲ್ಲವೂ ಅದೇ ರೆಕಾರ್ಡ್‌ನಲ್ಲಿ. ಒಳಾಂಗಣ ಅಲಂಕರಿಸುವ ಮಾಡ್ ಬೆಳಕಿನ ಮಾಡ್‌ಗಿಂತ ಕೆಳಗೆ ಕೂತರೆ, ಅಂದ್ರೆ ಆಮೇಲೆ ಲೋಡ್ ಆದರೆ, ಕೋಣೆಯ ಮೂಲ ಬೆಳಕು ವಾಪಸ್ ಬಂದುಬಿಡುತ್ತದೆ. ಹೊಸ ದೀಪಗಳೂ ಉಳಿದು, ಹಳೆಯ ಮಂಕು ಬೆಳಕೂ ಸೇರಿ ಕೋಣೆ ವಿಚಿತ್ರವಾಗಿ ಬೆಳ್ಳಗಾಗುತ್ತದೆ. ರೆಕಾರ್ಡ್‌ಗಳನ್ನು ತೋರಿಸುವ ಎಸ್‌ಎಸ್‌ಇ ಎಡಿಟ್ ಟೂಲ್‌ನಲ್ಲಿ ತೆರೆದು ನೋಡಿದರೆ ಆ ಸಾಲಿನ ಹಿಂದೆ ಕೆಂಪು ಬಣ್ಣ. ಸೋತ ಬೆಲೆ ಕೆಂಪು ಅಕ್ಷರದಲ್ಲಿ, ಗೆದ್ದದ್ದು ಕಿತ್ತಳೆ ಅಕ್ಷರದಲ್ಲಿ. ಈ ಎರಡು ಬಣ್ಣ ಗುರುತಿಸಲು ಕಲಿತರೆ ಅರ್ಧ ಸಮಸ್ಯೆಗೆ ಬೇರೆಯವರನ್ನು ಕೇಳುವುದೇ ಬೇಡ.

ಬೆಳಕಿನ ಮಾಡ್‌ಗಳಲ್ಲಿ ನಾನು ನೋಡಿದ್ದು ಈಎಲ್‌ಎಫ್‌ಎಕ್ಸ್ ಮತ್ತು ಲಕ್ಸ್. ಈಎಲ್‌ಎಫ್‌ಎಕ್ಸ್ ಹಳೆಯದು, ನೋಡಲು ಈಗಲೂ ಚೆಂದ. ಬೆಳಕು ನಿಜವಾಗಿ ದೀಪದಿಂದಲೇ ಬರುತ್ತಿದೆ ಅನಿಸುತ್ತದೆ. ಅದರ ಎನ್‌ಹ್ಯಾನ್ಸರ್ ಅನ್ನುವ ಸೇರ್ಪಡೆ ಜೊತೆ ಹಾಕಿದರೆ ಗುಹೆಗಳು ನನ್ನ ಕಣ್ಣಿಗೆ ತೀರಾ ಕತ್ತಲೆ. ಲಕ್ಸ್ ಹೊಸದು, ಮೃದು. ಆದರೆ ನಾನು ಅದನ್ನು ಆರಿಸುವುದು ಚೆಂದಕ್ಕಲ್ಲ. ಇನ್‌ಸ್ಟಾಲರ್ ಒಳಗೇ ರಾಶಿ ಪ್ಯಾಚ್‌ಗಳಿವೆ, ನಮ್ಮ ಪಟ್ಟಿಯಲ್ಲಿರುವ ಮಾಡ್‌ಗೆ ತಕ್ಕದ್ದನ್ನು ಅಲ್ಲೇ ಆರಿಸಬಹುದು. ಬೇರೆಯವರ ಕೆಲಸದ ಜೊತೆ ಹೊಂದಿಸಲು ಅಷ್ಟು ಶ್ರಮ ಹಾಕಿದ್ದಾರಲ್ಲ, ಅದಕ್ಕೆ ನನ್ನ ಓಟು. ಎರಡನ್ನೂ ಒಟ್ಟಿಗೆ ಮಾತ್ರ ಹಾಕಬೇಡಿ. ಯಾವುದನ್ನು ಹಾಕಿದರೂ ಗೋಡೆ ಮೇಲೆ ಬೆಳಕು ಮಿಣುಕಿದರೆ ಅದು ಎಂಜಿನ್‌ನ ಮಿತಿ. ಕಮ್ಯುನಿಟಿ ಶೇಡರ್ಸ್ ಅನ್ನುವ ಗ್ರಾಫಿಕ್ಸ್ ಮಾಡ್‌ನ ಲೈಟ್ ಲಿಮಿಟ್ ಫಿಕ್ಸ್ ಅದನ್ನು ಸರಿ ಮಾಡುತ್ತದೆ.

ಊರುಗಳಿಗೆ ಬಂದರೆ ಜೆಕೆಸ್ ಸ್ಕೈರಿಮ್ ಮತ್ತು ಓಪನ್ ಸಿಟೀಸ್. ಮೊದಲನೆಯದು ಊರನ್ನು ತುಂಬಿಸುತ್ತದೆ: ಗಿಡ, ಅಂಗಡಿ, ಸಾಮಾನು. ಎರಡನೆಯದು ಊರ ಬಾಗಿಲಲ್ಲಿ ಲೋಡಿಂಗ್ ಪರದೆಯನ್ನೇ ತೆಗೆದುಹಾಕುತ್ತದೆ. ಕುದುರೆ ಮೇಲೆ ಕೂತು ನೇರವಾಗಿ ವೈಟ್‌ರನ್ ಒಳಗೆ ನುಗ್ಗುವುದು ತುಂಬಾ ಖುಷಿಯ ವಿಷಯ, ಅದನ್ನು ಅಲ್ಲಗಳೆಯಲಾರೆ. ಆದರೆ ಮೂಲ ಆಟದಲ್ಲಿ ವೈಟ್‌ರನ್ ಒಂದು ಬೇರೆಯೇ ಲೋಕ. ಓಪನ್ ಸಿಟೀಸ್ ಎಲ್ಲವನ್ನೂ ಹೊರಗಿನ ದೊಡ್ಡ ನಕ್ಷೆಗೆ ಸಾಗಿಸುತ್ತದೆ. ಬೇರೊಂದು ಮಾಡ್ ಆ ಹಳೆಯ ವೈಟ್‌ರನ್‌ನಲ್ಲಿ ಅಂಗಡಿಯೋ ಮನೆಯೋ ಇಟ್ಟಿದ್ದರೆ ಪ್ಯಾಚ್ ಇಲ್ಲದೆ ನಿಮಗೆ ಅದು ಕಾಣುವುದೇ ಇಲ್ಲ. ನಾಲ್ಕಾರು ಮಾಡ್‌ಗಳ ಪುಟ್ಟ ಪಟ್ಟಿಗೆ ಓಪನ್ ಸಿಟೀಸ್ ಸರಿ. ಪಟ್ಟಿ ಬೆಳೆಯುತ್ತದೆ ಅನ್ನುವವರಿಗೆ ಜೆಕೆಸ್.

ಮಾಡ್‌ಗಳನ್ನು ಹಾಕಿ ತೆಗೆಯುವ ಮ್ಯಾನೇಜರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವೋರ್ಟೆಕ್ಸ್ ಕಲಿಯಲು ಸುಲಭ. ಮಾಡ್ ಆರ್ಗನೈಸರ್ 2 ಆಟದ ಫೋಲ್ಡರ್ ಮುಟ್ಟದೆ ಕೆಲಸ ಮಾಡುತ್ತದೆ, ಪಟ್ಟಿಗಳನ್ನು ಬೇರೆ ಬೇರೆ ಪ್ರೊಫೈಲ್‌ನಲ್ಲಿ ಇಡಬಹುದು. ಹೋಲಿಸಿ ನೋಡುವವರಿಗೆ ಎರಡನೆಯದೇ ಬೇಕು. ಪ್ಲಗಿನ್ ಮಿತಿ 254, ಹಗುರ ಪ್ಲಗಿನ್‌ಗಳಾದರೆ 4096. ಸಣ್ಣ ಪ್ಯಾಚ್‌ಗಳು ಹಗುರ ಬಗೆಯಲ್ಲಿ ಸಿಕ್ಕರೆ ಅವನ್ನೇ ಆರಿಸಿ.

ಈಗ ನನ್ನ ಪಟ್ಟಿಯಲ್ಲಿ ಉಳಿದಿರುವುದು ಅಡಮಂಟ್, ಮಿಸ್ಟಿಸಿಸಂ, ಅಪೋಕ್ಯಾಲಿಪ್ಸ್, ಲಕ್ಸ್, ಜೆಕೆಸ್. ಲೋಡ್ ಆಗುವ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಅನ್‌ಅಫಿಷಿಯಲ್ ಪ್ಯಾಚ್ (ಮೂಲ ಆಟದ ದೋಷಗಳನ್ನು ಸರಿ ಮಾಡುವ ಮಾಡ್), ಎಲ್ಲಕ್ಕಿಂತ ಕೆಳಗೆ ಲಕ್ಸ್ ಮತ್ತು ಅದರ ಪ್ಯಾಚ್‌ಗಳು. ಮೂಲ ಆಟವನ್ನು ಸಾಕಷ್ಟು ಸಲ ಮುಗಿಸಿ, ಬ್ರೆಟನ್‌ನ ಬದಲು ಪೂರ್ತಿ ಮಾಂತ್ರಿಕನನ್ನೇ ಆಡಬೇಕು ಅಂತಿದ್ದರೆ ಮೊದಲೆರಡರ ಜಾಗಕ್ಕೆ ಆರ್ಡಿನೇಟರ್ ಮತ್ತು ಓಡಿನ್ ಹಾಕಿ, ಅಪೋಕ್ಯಾಲಿಪ್ಸ್‌ನ ಪ್ಯಾಚ್ ಸೇರಿಸಿ. ಉಳಿದದ್ದನ್ನು ಕದಲಿಸುವ ಅಗತ್ಯವಿಲ್ಲ.