ಐದಿಂಚಿನ ಚಾರ್ಮ್ ಪ್ಯಾಕ್: ಮೊದಲ ಕೌದಿಗೆ ಒಂದು ಕಂತೆ ಸಾಕು

ಒಂದೇ ಸಂಗ್ರಹದ ಬೇರೆ ಬೇರೆ ಅಚ್ಚಿನ ಹತ್ತಿಬಟ್ಟೆಗಳನ್ನು 5 ಇಂಚಿನ ಚೌಕಗಳಾಗಿ ಕತ್ತರಿಸಿ ಕಟ್ಟಿದ ಕಂತೆಗೆ ಚಾರ್ಮ್ ಪ್ಯಾಕ್ ಎನ್ನುತ್ತಾರೆ. ಮೋಡಾ ಕಂಪನಿಯ ಕಂತೆಯಲ್ಲಿ ಸಾಮಾನ್ಯವಾಗಿ 42 ಚೌಕಗಳಿರುತ್ತವೆ. ಬೇರೆಯವರದು ಹೆಚ್ಚುಕಡಿಮೆ ಇರಬಹುದು, ಲೇಬಲ್ ನೋಡಿಯೇ ಕೊಳ್ಳಿ. ಹೊಸಬರ ಕೌದಿ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಕತ್ತರಿಸುವಾಗಲೇ. ಎಂಬತ್ತು ಚೌಕಗಳಲ್ಲಿ ಹತ್ತು ಸೊಟ್ಟಗಾದರೂ ಸಾಲುಗಳು ಕೂಡುವುದಿಲ್ಲ. ಆ ಕಷ್ಟವನ್ನು ಈ ಕಂತೆ ತಪ್ಪಿಸುತ್ತದೆ. ಬಣ್ಣ ಹೊಂದಿಸುವ ತಲೆನೋವನ್ನು ಮಾತ್ರ ಅರ್ಧದಷ್ಟೇ ತಪ್ಪಿಸುತ್ತದೆ.

ಒಂದು ಸಂಗ್ರಹದ ಅಚ್ಚುಗಳು ಒಂದಕ್ಕೊಂದು ಒಪ್ಪುತ್ತವೆ ಎಂಬುದು ನಿಜ. ಆದರೆ ಹೆಚ್ಚಿನವು ನಡುಬಣ್ಣದವು, ತೀರ ತಿಳಿಯೂ ಅಲ್ಲ, ಗಾಢವೂ ಅಲ್ಲ. ಎರಡು ಕಂತೆ ತಂದು ಸುಮ್ಮನೆ ಸೇರಿಸಿದರೆ ದೂರದಿಂದ ಎಲ್ಲವೂ ಕಲಸುಮೇಲೋಗರವಾಗಿ ಕಾಣುತ್ತದೆ. ಹಾಗಾಗಿ ಎರಡನೇ ಕಂತೆ ಬೇಡ, ಅದರ ಬದಲು ಮುಕ್ಕಾಲು ಮೀಟರ್ ಕೆನೆಬಣ್ಣದ ಸಾದಾ ಬಟ್ಟೆ ಕೊಳ್ಳಿ. 44 ಇಂಚು ಪನ್ನದ ಬಟ್ಟೆಯ ಎರಡೂ ಬದಿಯ ಗಟ್ಟಿ ಅಂಚು ತೆಗೆದು 5 ಇಂಚಿನ ಐದು ಪಟ್ಟಿ ಮಾಡಿದರೆ, ಪಟ್ಟಿಗೆ 8ರಂತೆ 40 ಚೌಕ ಸಿಗುತ್ತವೆ. ಕಂತೆಯ 40 ಸೇರಿಸಿ, ಅಗಲಕ್ಕೆ 8, ಉದ್ದಕ್ಕೆ 10ರಂತೆ ಚದುರಂಗದ ಮಣೆಯ ಹಾಗೆ ಜೋಡಿಸಿ. ಮುಗಿದಾಗ 36 × 45 ಇಂಚು, ಮಗುವಿಗೆ ಹೊದಿಸುವಷ್ಟು ದೊಡ್ಡದು. ಉಳಿಯುವ ಎರಡು ಚೌಕ ಯಾವುವು ಎಂದರೆ, ಸಾದಾ ಬಟ್ಟೆಯ ಪಕ್ಕ ಕಾಣದಂತಾಗುವ ಅತಿ ತಿಳಿಬಣ್ಣದವು. ಅವನ್ನು ಕಣ್ಣಳತೆಯಲ್ಲಿ ಆರಿಸಬೇಡಿ. ನೆಲದ ಮೇಲೆ ಹರಡಿ ಫೋನಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದರೆ ಯಾವುದು ಕರಗಿಹೋಗುತ್ತದೆ ಎಂದು ತಕ್ಷಣ ತಿಳಿಯುತ್ತದೆ. ತಿಳಿಬಣ್ಣದವೇ ಹತ್ತಾರು ಇದ್ದರೆ ಕೆನೆಬಣ್ಣದ ಸಾದಾ ಬಟ್ಟೆ ಬಿಟ್ಟು ಬೂದು ಅಥವಾ ಗಾಢ ನೀಲಿ ಹಿಡಿಯಿರಿ.

ಕಂತೆಯ ಮುಖ್ಯ ದೋಷ ಅದರ ಗರಗಸದಂಥ ಅಂಚು. ಎಳೆ ಬಿಚ್ಚದಿರಲೆಂದು ಹಾಗೆ ಕತ್ತರಿಸಿರುತ್ತಾರೆ. ಆದರೆ 5 ಇಂಚು ಎಂಬುದು ಹಲ್ಲಿನ ತುದಿಯಿಂದ ತುದಿಗೋ, ಒಳಗಿನ ತಗ್ಗಿನಿಂದ ತಗ್ಗಿಗೋ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗಬಹುದು. ಸ್ಕೇಲಿಟ್ಟು ಅಳೆದು, 5 ಇಂಚು ಬರುವ ಗೆರೆಯನ್ನೇ ಅಂಚೆಂದು ಹಿಡಿದು ಹೊಲಿಯಿರಿ. ನೂಲಿನ ಧೂಳೂ ವಿಪರೀತ. ಕಂತೆಯನ್ನು ಒದರದೆ, ಬಿಚ್ಚುವ ಮೊದಲೇ ನಾಲ್ಕೂ ಬದಿಗೆ ಅಂಟು ರೋಲರ್ ಉರುಳಿಸಿ. ಚೌಕಗಳನ್ನು ಮೊದಲೇ ಒಗೆಯಬಾರದು. ಅಂಚು ಬಿಚ್ಚಿಕೊಂಡು, ಒಂದೊಂದು ಒಂದೊಂದು ಅಳತೆಗೆ ಕುಗ್ಗುತ್ತದೆ. ಸಾದಾ ಬಟ್ಟೆಯನ್ನೂ ಒಗೆಯದೆ ಬಳಸಿ, ಆಗ ಎರಡೂ ಒಟ್ಟಿಗೆ ಕುಗ್ಗುತ್ತವೆ. ಕೆಂಪು, ಕಡುನೀಲಿ ಚೌಕಗಳಿದ್ದರೆ ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ, ಬಣ್ಣ ಬಿಡುತ್ತದೆಯೇ ನೋಡಿ. ಬಿಡುವುದನ್ನು ಪಕ್ಕಕ್ಕಿಡಿ.

ಹೊಲಿಗೆಗೆ ಬಿಡಬೇಕಾದದ್ದು ಕಾಲು ಇಂಚು. ಹೊಸಬರ ಕೌದಿ ಕೆಡುವುದು ಇಲ್ಲೇ. ಕಾಲಿನ ಬದಲು ಎಂಟನೇ ಮೂರು (3/8) ಇಂಚು ಹೋದರೆ ಪ್ರತಿ ಹೊಲಿಗೆಗೆ ಕಾಲು ಇಂಚು ನಷ್ಟ. ಎಂಟು ಚೌಕದ ಸಾಲಿನಲ್ಲಿ ಏಳು ಹೊಲಿಗೆ, ಅಂದರೆ ಒಂದೂ ಮುಕ್ಕಾಲು ಇಂಚು ಮಾಯ. ನಷ್ಟ ಎಲ್ಲ ಸಾಲಿಗೂ ಒಂದೇ ಆಗಿದ್ದರೆ ಕೌದಿ ಸ್ವಲ್ಪ ಚಿಕ್ಕದಾಗುತ್ತದೆ, ಅಷ್ಟೇ. ಒಂದೊಂದು ಸಾಲಿಗೆ ಒಂದೊಂದಾದರೆ ಮೂಲೆಗಳು ಕೂಡುವುದೇ ಇಲ್ಲ. ಮೊದಲು ಮೂರು ಚೂರು ಬಟ್ಟೆಯನ್ನು 5 ಇಂಚಿಗೆ ಕತ್ತರಿಸಿ ಜೋಡಿಸಿ ಅಳೆಯಿರಿ. ಒಟ್ಟು 14 ಇಂಚು ಬರಬೇಕು. ಕಡಿಮೆ ಬಂದರೆ ಯಂತ್ರದ ತಟ್ಟೆಯ ಮೇಲೆ ಟೇಪ್ ಅಂಟಿಸಿ ಗೆರೆ ಸರಿಮಾಡಿಕೊಳ್ಳಿ.

ಚದುರಂಗದ ಜೋಡಣೆಗೆ ಇನ್ನೊಂದು ಲಾಭವಿದೆ. ಪ್ರತಿ ಹೊಲಿಗೆಯ ಅಂಚನ್ನೂ ಅಚ್ಚಿನ ಚೌಕದ ಕಡೆಗೇ ಮಡಿಸಿ ಇಸ್ತ್ರಿ ಒತ್ತಿದರೆ, ಪಕ್ಕಪಕ್ಕದ ಸಾಲುಗಳ ಮಡಿಕೆಗಳು ತಾವಾಗಿಯೇ ಎದುರುಬದುರಾಗುತ್ತವೆ. ಸಾಲುಗಳನ್ನು ಸೇರಿಸುವಾಗ ಅವು ಒಂದಕ್ಕೊಂದು ತಾಗಿ ಕೂರುವುದರಿಂದ ಮೂಲೆ ಸರಿಯಾಗಿ ಕೂಡುತ್ತದೆ. ಇಸ್ತ್ರಿಯನ್ನು ಎಳೆಯದೆ ಎತ್ತಿ ಎತ್ತಿ ಒತ್ತಿ, ಎಳೆದರೆ ಚೌಕ ಓರೆಯಾಗುತ್ತದೆ. ಎರಡು ಚೌಕ ಸೇರಿಸಿ ತ್ರಿಕೋನ ಮಾಡುವ ವಿನ್ಯಾಸಗಳು ಆಕರ್ಷಕ, ಆದರೆ ಓರೆಯಾಗಿ ಕತ್ತರಿಸಿದ (ಕ್ರಾಸ್) ಅಂಚು ಹಿಗ್ಗುತ್ತದೆ. ಎರಡನೇ ಕೌದಿಗೆ ಇರಲಿ.

ಸುತ್ತ ಬಾರ್ಡರ್ ಬೇಡ. ಈ ಅಳತೆಗೆ ಹಿಂಬದಿಯ ಬಟ್ಟೆ 42 × 51 ಇಂಚು ಸಾಕು, 44 ಇಂಚು ಪನ್ನದ ಒಂದೂವರೆ ಮೀಟರಿನಲ್ಲಿ ಜೋಡಣೆಯಿಲ್ಲದೆ ಆಗುತ್ತದೆ. ಬಾರ್ಡರ್ ಇಲ್ಲದ್ದರಿಂದ ಹೊರಗಿನ ಹೊಲಿಗೆಗಳು ಬಿಚ್ಚದಂತೆ ಸುತ್ತಲೂ ಅಂಚಿನಿಂದ ಎಂಟನೇ ಒಂದು ಇಂಚು ಒಳಗೆ ಒಂದು ಹೊಲಿಗೆ ಹಾಕಿ. ನಡುವಿನ ಪದರಕ್ಕೆ ಹತ್ತಿಯ ತೆಳು ಬ್ಯಾಟಿಂಗ್ (ಕ್ರಿಕೆಟ್ಟಿನದಲ್ಲ) ಸೂಕ್ತ. ಉಬ್ಬಿದ ಪಾಲಿಯೆಸ್ಟರ್ ಹೊಲಿಯುವಾಗ ಜಾರುತ್ತದೆ. ಸೇಫ್ಟಿಪಿನ್ನುಗಳು ನಾಲ್ಕಿಂಚಿಗೊಂದು ಇರಲಿ. ಯಂತ್ರಕ್ಕೆ ವಾಕಿಂಗ್ ಫುಟ್ (ಮೇಲಿನ, ಕೆಳಗಿನ ಪದರಗಳನ್ನು ಒಟ್ಟಿಗೆ ಸರಿಸುವ ಪಾದ) ಹಾಕಿ, ಹೊಲಿಗೆಯ ಉದ್ದ 3 ಮಿಲಿಮೀಟರಿಗಿಟ್ಟು, ನಡುವಿನಿಂದ ಹೊರಕ್ಕೆ ಬನ್ನಿ. ಜೋಡಣೆಯ ಗೆರೆಯ ಮೇಲೆಯೇ ಹೊಲಿದರೆ ಸಣ್ಣ ಸೊಟ್ಟವೂ ಕಣ್ಣಿಗೆ ಬೀಳುತ್ತದೆ, ಕಾಲಿಂಚು ಪಕ್ಕದಲ್ಲಿ ಹೊಲಿದರೆ ಅಷ್ಟು ಗೊತ್ತಾಗುವುದಿಲ್ಲ. ಅಂಚುಪಟ್ಟಿಗೆ 44 ಇಂಚು ಪನ್ನದ ಬಟ್ಟೆಯಿಂದ ಎರಡೂವರೆ ಇಂಚು ಅಗಲದ ಐದು ಪಟ್ಟಿ ಬೇಕು, ನಾಲ್ಕರಲ್ಲಿ ಮುಗಿಸಲು ಹೊರಟರೆ ಕೊನೆಗೆ ಗೇಣುದ್ದ ಕಡಿಮೆ ಬೀಳುತ್ತದೆ.

ದೊಡ್ಡ ಹಾಸಿಗೆಯ ಕೌದಿಗೆ ಮಾತ್ರ ಈ ಕಂತೆಯನ್ನು ನೆಚ್ಚಬೇಡಿ. 90 ಇಂಚಿನ ಚೌಕಕ್ಕೆ 400 ತುಂಡು, ಅಂದರೆ ಹತ್ತು ಕಂತೆ ಬೇಕಾಗುತ್ತದೆ. ಅಂಥದ್ದಕ್ಕೆ ಮೀಟರ್ ಲೆಕ್ಕದಲ್ಲಿ ಬಟ್ಟೆ ತಂದು ರೋಟರಿ ಕಟರ್‌ನಿಂದ (ಉರುಳುವ ಚಕ್ರದ ಅಲಗಿನ ಕತ್ತಿ) ಕತ್ತರಿಸುವುದೇ ಸರಿ.