ಮಹಿಳಾ ಅಧ್ಯಯನ ತರಗತಿಗೆ ಬ್ಲಾಗರ್: ಪುಕ್ಕಟೆ, ಸಲೀಸು, ಆದರೆ ಇಡೀ ಮನೆಗೆ ಒಂದೇ ಚಿಲಕ

ಬಿ.ಎ. ತರಗತಿಯಲ್ಲಿ 60–70 ವಿದ್ಯಾರ್ಥಿಗಳಿದ್ದರೂ ಬಾಯಿ ಬಿಡುವವರು ಮುಂದಿನ ಎರಡು ಬೆಂಚಿನವರು ಮಾತ್ರ. ಹಿಂದಿನ ಬೆಂಚಿನ ಹುಡುಗಿ ಬೆಳಗ್ಗೆ ಐದಕ್ಕೆ ಎದ್ದು ನೀರು ತುಂಬಿ, ರೊಟ್ಟಿ ಬಡಿದು, ಬಸ್ಸು ಹಿಡಿದು ಬಂದಿರುತ್ತಾಳೆ. ಮನೆಗೆಲಸದ ಶ್ರಮದ ಪಾಠ ಬಂದಾಗ ಅವಳಷ್ಟು ಬಲ್ಲವರು ಆ ಕೋಣೆಯಲ್ಲಿ ಇನ್ಯಾರೂ ಇರುವುದಿಲ್ಲ, ಆದರೂ ತುಟಿ ಬಿಚ್ಚುವುದಿಲ್ಲ. ತರಗತಿಗೊಂದು ಬ್ಲಾಗ್ ಬೇಕಾಗುವುದು ಇದಕ್ಕೇ. ಗೂಗಲ್‌ನ ಬ್ಲಾಗರ್ ಎಂಬ ಬ್ಲಾಗ್ ತಾಣ ಈ ಕೆಲಸಕ್ಕೆ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದರ ವಿಮರ್ಶೆ ಇದು.

ಒಳ್ಳೆಯದು ಮೊದಲು. ದುಡ್ಡು ಬೇಡ, ನಾವಾಗಿ ಹಾಕಿಕೊಳ್ಳದ ಹೊರತು ಜಾಹೀರಾತಿಲ್ಲ, ಫೋನಿನ ಬ್ರೌಸರಿನಲ್ಲೇ ಬರೆಯಬಹುದು. ಒಂದು ಬ್ಲಾಗಿಗೆ 100 ಸದಸ್ಯರ ಮಿತಿ. ಒಂದು ಸೆಕ್ಷನ್‌ಗೆ ಧಾರಾಳ, ಎರಡು ಸೆಕ್ಷನ್ ಸೇರಿಸಿದರೆ ಸಾಲದು. ಸದಸ್ಯರಲ್ಲಿ ಎರಡೇ ಬಗೆ: ಬರೆಯುವ ಆಥರ್ ಮತ್ತು ಇಡೀ ಬ್ಲಾಗ್ ನೋಡಿಕೊಳ್ಳುವ ಅಡ್ಮಿನ್. ಆಥರ್ ಆದವಳು ತಾನೇ ಬರೆದು ತಾನೇ ಪ್ರಕಟಿಸುತ್ತಾಳೆ, ತನ್ನ ಬರಹವನ್ನಷ್ಟೇ ತಿದ್ದುತ್ತಾಳೆ. ಮೇಷ್ಟ್ರ ಒಪ್ಪಿಗೆಯ ಮೊಹರಿಗೆ ಕಾಯಬೇಕಿಲ್ಲ. ತರಗತಿಯ ಅಧಿಕಾರವನ್ನು ಹಂಚಿಕೊಳ್ಳಬೇಕು ಎನ್ನುವ ಪಾಠಕ್ಕೆ ಇದಕ್ಕಿಂತ ಹೊಂದುವ ಏರ್ಪಾಡಿಲ್ಲ. ಅಡ್ಮಿನ್ ಮಾತ್ರ ಇಬ್ಬರಿರಲೇಬೇಕು. ಅತಿಥಿ ಉಪನ್ಯಾಸಕರು ಬದಲಾಗುತ್ತಲೇ ಇರುವ ಕಾಲೇಜುಗಳಲ್ಲಿ ಒಬ್ಬರ ಖಾತೆಯನ್ನು ನೆಚ್ಚಿದರೆ, ಅವರು ಹೋದ ಮೇಲೆ ಬ್ಲಾಗ್ ಅನಾಥ.

ಇನ್ನು ಚಿಲಕದ ಮಾತು. ಬ್ಲಾಗರ್‌ನಲ್ಲಿ ರೀಡರ್ ಆಕ್ಸೆಸ್, ಅಂದರೆ ಯಾರು ಓದಬಹುದು ಎಂಬ ಸೆಟ್ಟಿಂಗ್, ಇಡೀ ಬ್ಲಾಗಿಗೆ ಒಂದೇ. ಪಬ್ಲಿಕ್ ಎಂದರೆ ಎಲ್ಲ ಬರಹವೂ ಊರಿಗೆಲ್ಲ ಕಾಣುತ್ತದೆ. ಪ್ರೈವೇಟ್ ಎಂದರೆ ಎಲ್ಲವೂ ಒಳಗೇ. ಒಂದು ಬರಹ ಹೊರಗೆ, ಇನ್ನೊಂದು ಒಳಗೆ ಎನ್ನುವ ಸೌಲಭ್ಯವಿಲ್ಲ. ಮದುವೆ ಮಾತುಕತೆಯ ಬಗ್ಗೆಯೋ ಮುಟ್ಟಿನ ಮೂರು ದಿನದ ಬಗ್ಗೆಯೋ ಬರೆಯುವ ತರಗತಿಗೆ ಇದು ಸಣ್ಣ ಕೊರತೆಯಲ್ಲ. ದಾರಿ ಒಂದೇ: ಎರಡು ಬ್ಲಾಗ್ ತೆರೆಯುವುದು. ಒಳಗಿನದು ಪ್ರೈವೇಟ್ ಟು ಆಥರ್ಸ್, ಹೊರಗಿನದು ಪಬ್ಲಿಕ್. ಎಲ್ಲ ಬರಹವೂ ಮೊದಲು ಒಳಗೆ. ಬರೆದವಳು ಒಪ್ಪಿದ್ದನ್ನು ಮಾತ್ರ, ಅವಳೇ ಕಾಪಿ ಮಾಡಿ, ಹೆಸರು–ಊರು ತೆಗೆದು ಹೊರಗೆ ಹಾಕಬೇಕು. ಪಬ್ಲಿಕ್ ಆಗಿ ಶುರುಮಾಡಿ ಆಮೇಲೆ ಪ್ರೈವೇಟ್ ಮಾಡಿದರೆ ತಡವಾದಂತೆಯೇ. ಅಷ್ಟರಲ್ಲಿ ಯಾರೋ ತೆಗೆದ ಸ್ಕ್ರೀನ್‌ಶಾಟಿಗೆ ಯಾವ ಸೆಟ್ಟಿಂಗೂ ಇಲ್ಲ.

ಹೆಚ್ಚು ಎಡವಟ್ಟಾಗುವುದು ಆಹ್ವಾನದ ಮೇಲ್‌ನಲ್ಲಿ. ಸೆಟ್ಟಿಂಗ್ಸ್‌ನ ಪರ್ಮಿಷನ್ಸ್ ಭಾಗದಿಂದ ಇಮೇಲ್ ಆಹ್ವಾನ ಹೋಗುತ್ತದೆ. ಲಿಂಕ್ ಒತ್ತಿದಾಗ ಆ ಫೋನಿನ ಬ್ರೌಸರಿನಲ್ಲಿ ಯಾವ ಗೂಗಲ್ ಖಾತೆ ತೆರೆದಿದೆಯೋ ಅದು ಸದಸ್ಯನಾಗಿಬಿಡುತ್ತದೆ. ಮನೆಗೊಂದೇ ಫೋನ್, ಅದರಲ್ಲಿ ಅಣ್ಣನ ಖಾತೆ. ಒಳಬ್ಲಾಗಿಗೆ ಅಣ್ಣನೇ ಆಥರ್! ಹಾಗಾಗಿ ಮೊದಲ ಲಾಗಿನ್ ಮನೆಯಲ್ಲಿ ಬೇಡ, ಕಾಲೇಜಿನ ಲ್ಯಾಬಿನಲ್ಲಿ, ಲಾಗಿನ್ ಗುರುತು ಉಳಿಸದ ಇನ್‌ಕಾಗ್ನಿಟೋ ಕಿಟಕಿಯಲ್ಲಿ, 10–10 ಮಂದಿಯಂತೆ ಆಗಲಿ. ಅದೇ ಹೊತ್ತಿಗೆ ಯೂಸರ್ ಪ್ರೊಫೈಲ್‌ಗೆ ಹೋಗಿ ಡಿಸ್‌ಪ್ಲೇ ನೇಮ್ ಬದಲಿಸಬೇಕು. ಬ್ಲಾಗುಗಳ ಪಟ್ಟಿ ಪ್ರೊಫೈಲಿನಲ್ಲಿ ಕಾಣದಂತೆಯೂ ಮಾಡಬೇಕು. ಇಲ್ಲವಾದರೆ ಕಾವ್ಯನಾಮದಲ್ಲಿ ಬರೆದ ಹುಡುಗಿಯ ಗುಟ್ಟು ಒಂದು ಕ್ಲಿಕ್ಕಿನಲ್ಲಿ ಬಯಲು. ಕಾಮೆಂಟ್ ಮಾಡುವ ಹಕ್ಕು ಸದಸ್ಯರಿಗೆ ಮಾತ್ರ ಎಂದಿರಲಿ, ಹೊರಬ್ಲಾಗಿನಲ್ಲಿ ಮಾಡರೇಷನ್ ಆಲ್ವೇಸ್, ಅಂದರೆ ಅಡ್ಮಿನ್ ನೋಡಿ ಒಪ್ಪಿದ ಮೇಲಷ್ಟೇ ಕಾಮೆಂಟ್ ಕಾಣಲಿ. ಅನಾಮಧೇಯ ಕಾಮೆಂಟ್ ಬಿಟ್ಟರೆ ಏನು ಬಂದು ಬೀಳುತ್ತದೆ ಎಂದು ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಿಲ್ಲ.

ಕನ್ನಡದ ಮಟ್ಟಿಗೆ ಬ್ಲಾಗರ್ ಅರೆಬರೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ವಿಳಾಸ ತಾನಾಗಿ ಮಾಡುವಾಗ ಆ ಅಕ್ಷರಗಳನ್ನೆಲ್ಲ ನುಂಗಿ 'ಬ್ಲಾಗ್-ಪೋಸ್ಟ್' ಎಂದೂ ಅದರ ಮುಂದೊಂದು ಸಂಖ್ಯೆಯನ್ನೂ ಇಡುತ್ತದೆ. 70 ಬರಹ ಸೇರಿದ ಮೇಲೆ ಯಾವ ಲಿಂಕ್ ಯಾರದು ಎಂದು ದೇವರೇ ಹೇಳಬೇಕು. ಪ್ರಕಟಿಸುವ ಮುನ್ನ ಕಸ್ಟಮ್ ಪರ್ಮಲಿಂಕ್ (ನಾವೇ ಕೊಡುವ ವಿಳಾಸ) ಆರಿಸಿ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದೊಂದು ಹೆಸರು ಕೊಡಿ. ಪ್ರಕಟವಾದ ಮೇಲೆ ಬದಲಿಸಬೇಕೆಂದರೆ ಡ್ರಾಫ್ಟ್‌ಗೆ ಮರಳಿಸಬೇಕು. ಹಲವು ಥೀಮುಗಳಲ್ಲಿ ಸಾಲುಗಳ ನಡುವಿನ ಜಾಗ ಇಂಗ್ಲಿಷಿನ ಅಳತೆಯದು, ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಥೀಮ್‌ನಲ್ಲಿ ಪುಟದ ವಿನ್ಯಾಸದ ಸೂಚನೆ ಬರೆಯುವ ಆಡ್ ಸಿಎಸ್‌ಎಸ್ ಜಾಗದಲ್ಲಿ ಲೈನ್-ಹೈಟ್ 1.8 ಎಂದಿಟ್ಟರೆ ಓದಲು ಹಿತ. ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿ ತಂದದ್ದನ್ನು ನೇರ ಅಂಟಿಸಿದರೆ ಬರೀ ಕಲಸುಮೇಲೋಗರ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ವರ್ಡ್‌ನಿಂದ ತಂದದ್ದನ್ನು ಕಂಟ್ರೋಲ್-ಶಿಫ್ಟ್-ವಿ ಒತ್ತಿ ಅಂಟಿಸಿದರೆ ಬಣ್ಣಬಣ್ಣದ ಫಾಂಟುಗಳ ಕಾಟ ಇರುವುದಿಲ್ಲ.

ಯಾವ ಕೆಲಸ ಕೊಟ್ಟರೆ ಬ್ಲಾಗ್ ಸಾರ್ಥಕ? 'ಸ್ತ್ರೀ ಸಬಲೀಕರಣದ ಬಗ್ಗೆ ಬರೆಯಿರಿ' ಎಂದರೆ ಎಪ್ಪತ್ತೂ ಭಾಷಣಗಳೇ ಬರುತ್ತವೆ. ಅದರ ಬದಲು ಸಮಯದ ಲೆಕ್ಕ ಕೊಡಿ. ಭಾರತ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ಅರ್ಧರ್ಧ ಗಂಟೆಯಂತೆ ದಿನವನ್ನು 48 ತುಂಡು ಮಾಡುತ್ತದೆ. ಅದೇ ಪಟ್ಟಿಯಲ್ಲಿ ಮನೆಯ ಒಬ್ಬ ಹೆಂಗಸು, ಒಬ್ಬ ಗಂಡಸು, ಇಬ್ಬರ ಒಂದೊಂದು ದಿನ. 2019ರ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು 81.2%, ಗಂಡಸರು 26.1%, ಹಾಗೆ ತೊಡಗಿದವರು ದಿನಕ್ಕೆ ಕಳೆದ ಹೊತ್ತು ಹೆಂಗಸರದು 299 ನಿಮಿಷ, ಗಂಡಸರದು 97. ತಮ್ಮ ಮನೆಯ ಅಂಕಿ ಇದರ ಪಕ್ಕ ಬಂದಾಗ ಕಾಮೆಂಟುಗಳಲ್ಲಿ ಜಗಳ ಹತ್ತುತ್ತದೆ: ಸಾರು ಕುದಿಯುವಾಗಲೇ ಮಗುವಿಗೆ ಅಕ್ಷರ ತಿದ್ದಿಸಿದರೆ ಅರ್ಧ ಗಂಟೆ ಯಾವುದರ ಲೆಕ್ಕಕ್ಕೆ? ಪಾಠ ಇರುವುದು ಅಲ್ಲೇ. ಆದರೆ ಬ್ಲಾಗರ್‌ನ ಸಂಪಾದಕದಲ್ಲಿ ಕೋಷ್ಟಕದ ಗುಂಡಿಯೇ ಇಲ್ಲ. ಗೂಗಲ್ ಶೀಟ್ಸ್‌ನಿಂದ ಅಂಟಿಸಿದ ಕೋಷ್ಟಕ ಫೋನಿನ ಪರದೆಯಿಂದಾಚೆ ಚೆಲ್ಲುತ್ತದೆ. '5.00–5.30: ನೀರು' ಎಂದು ಸಾಲುಸಾಲಾಗಿ ಬರೆಸುವುದೇ ವಾಸಿ.

ಸೆಮಿಸ್ಟರಿಗೆ 300 ಪದಗಳ 4 ಬರಹ, 60 ಪದಗಳ 8 ಕಾಮೆಂಟು ಸಾಕು. ವಾರಕ್ಕೆ ಹದಿನೈದಿಪ್ಪತ್ತು ಮಂದಿ ಬರೆದು ಉಳಿದವರು ಪ್ರತಿಕ್ರಿಯಿಸುವ ಸರದಿ ಇದ್ದರೆ ಕೊನೆಯ ವಾರದ ನೂಕುನುಗ್ಗಲು ತಪ್ಪುತ್ತದೆ. ಅಂಕ ಕೊಡುವಾಗ ನೋವಿನ ತೂಕ ನೋಡಬಾರದು. ಓದಿದ ಪಠ್ಯಕ್ಕೂ ತಾನು ಕಂಡದ್ದಕ್ಕೂ ಗಂಟು ಹಾಕಿದ್ದಾಳೆಯೇ, ಅಷ್ಟು ನೋಡಿದರೆ ಸಾಕು. ತನ್ನ ಬದುಕನ್ನು ಬರೆಯಲು ಒಲ್ಲದವಳಿಗೆ ಅಷ್ಟೇ ಅಂಕದ ಬೇರೆ ವಿಷಯವಿರಲಿ, ಉದಾಹರಣೆಗೆ ಹೊಸಗನ್ನಡದ ಆರಂಭಕಾಲದ ಲೇಖಕಿ ನಂಜನಗೂಡು ತಿರುಮಲಾಂಬ ಅವರ ಪ್ರಕಾಶನದ ಕೆಲಸ.

ಕಾನೂನಿನ ಎರಡು ಗೆರೆಗಳನ್ನು ಮೊದಲ ದಿನವೇ ಹೇಳಿರಬೇಕು. ಅತ್ಯಾಚಾರಕ್ಕೊಳಗಾದವರ ಗುರುತು ಸಿಗುವಂಥ ಏನನ್ನೂ ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಹೆಸರು ಬಿಟ್ಟು ಊರು, ಕಾಲೇಜು, ಬಸ್ ನಂಬರ್ ಬರೆದರೂ ಗುರುತು ಸಿಗುತ್ತದೆ. ಕಾಲೇಜಿನ ಆಂತರಿಕ ಸಮಿತಿಯ ಮುಂದಿರುವ ದೂರಿನ ವಿವರ ಬರೆಯುವುದಕ್ಕೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯ 16ನೇ ಕಲಮು ಅಡ್ಡ ಬರುತ್ತದೆ. ಒಳಬ್ಲಾಗಿನಲ್ಲೂ ಬೇಡ.

ಇನ್ನೊಂದು ಬ್ಲಾಗ್ ತಾಣವಾದ ವರ್ಡ್‌ಪ್ರೆಸ್.ಕಾಮ್ ಮೇಲೆಂದರೆ ಎರಡು ಕಾರಣಕ್ಕೆ: ಬರಹಕ್ಕೊಂದರಂತೆ ಪಾಸ್‌ವರ್ಡ್ ಇಡಬಹುದು, ಹಳೆಯ ಕರಡುಗಳನ್ನು ಉಳಿಸಿಕೊಳ್ಳುತ್ತದೆ. ಬ್ಲಾಗರ್‌ನಲ್ಲಿ ತಿದ್ದಿ ಸೇವ್ ಮಾಡಿದರೆ ಹಿಂದಿನದು ಹೋಯಿತೆಂದೇ ಅರ್ಥ, ಕರಡನ್ನು ಬೇರೆಡೆ ಇಟ್ಟುಕೊಂಡಿರಬೇಕು. ಆದರೆ ವರ್ಡ್‌ಪ್ರೆಸ್‌ನ ಪುಕ್ಕಟೆ ಯೋಜನೆ ಜಾಹೀರಾತು ತೋರಿಸುತ್ತದೆ. ಹೆಣ್ಣುಮಕ್ಕಳ ಬರಹದ ಕೆಳಗೆ ಬಿಳುಪಿನ ಕ್ರೀಮ್ ಕಂಡರೆ ಅದನ್ನೂ ಪಾಠ ಮಾಡಬಹುದು, ನಿಜ. ಆದರೂ ನಮ್ಮ ಆಯ್ಕೆ ಬ್ಲಾಗರ್‌ನ ಎರಡು ಬ್ಲಾಗ್‌ಗಳೇ.

ಸೆಮಿಸ್ಟರ್ ಮುಗಿದಾಗ ಸದಸ್ಯರನ್ನು ತೆಗೆಯುವ ಅವಸರ ಬೇಡ. ತೆಗೆದರೆ ಅವಳ ಬರಹ ಬ್ಲಾಗಿನಲ್ಲೇ ಉಳಿಯುತ್ತದೆ, ಅಳಿಸುವ ಹಕ್ಕು ಮಾತ್ರ ಅವಳಿಗಿರುವುದಿಲ್ಲ. ಎರಡು ವಾರ ಮೊದಲೇ ಉಳಿಸುವುದೋ ಅಳಿಸುವುದೋ ಎಂದು ಒಬ್ಬೊಬ್ಬರನ್ನೂ ಕೇಳಿ, ಅವರ ಕೈಯಲ್ಲೇ ಮಾಡಿಸಿ. ಬ್ಯಾಕಪ್ ಕಂಟೆಂಟ್ ಒತ್ತಿ ಕಡತ ಇಳಿಸಿಕೊಳ್ಳುವುದು ಅದಾದ ನಂತರ. ಮೊದಲೇ ಇಳಿಸಿಕೊಂಡರೆ ಅಳಿಸಿದ್ದೂ ನಿಮ್ಮ ಪೆನ್‌ಡ್ರೈವ್‌ನಲ್ಲಿ ಉಳಿದುಬಿಡುತ್ತದೆ.