ಮುದಿ ನಾಯಿಯ ಕೀಲುನೋವು: ಮೆಲಾಕ್ಸಿಕಾಮ್, ಕಾರ್ಪ್ರೊಫೆನ್, ಗ್ಯಾಬಾಪೆಂಟಿನ್

ಕುವೆಂಪುನಗರದ ನಿಮ್ಮ ಮನೆಯ ಮೆಟ್ಟಿಲು ಹತ್ತಲು ಲ್ಯಾಬ್ರಡಾರ್ ಒದ್ದಾಡುತ್ತಿದೆ, ವೈದ್ಯರು ಮೂರು ಔಷಧಿಗಳ ಹೆಸರು ಹೇಳಿದ್ದಾರೆ, ಯಾವುದರಿಂದ ತೊಂದರೆ ಕಡಿಮೆ ಎಂದು ಕೇಳಿದ್ದೀರಿ.

ಮೊದಲು ಹೊಟ್ಟೆಯ ವಿಚಾರ. ಮೆಲಾಕ್ಸಿಕಾಮ್, ಕಾರ್ಪ್ರೊಫೆನ್ ಎರಡೂ ಉರಿಯೂತ ತಗ್ಗಿಸುವ ಒಂದೇ ಗುಂಪಿನವು. ಎರಡರಿಂದಲೂ ವಾಂತಿ, ಭೇದಿ, ಜಠರದ ಹುಣ್ಣು ಬರಬಹುದು. ಊಟದ ಜೊತೆಗೇ ಕೊಡಿ. ನಮ್ಮ ನಾಯಿ ಮೆಲಾಕ್ಸಿಕಾಮ್ ಶುರುಮಾಡಿದ ಐದನೇ ದಿನ ತನ್ನ ಪ್ರೀತಿಯ ಮೊಸರನ್ನವನ್ನು ಮೂಸಿ ಹಿಂದೆ ಸರಿದಳು. ಮರುದಿನ ಬೆಳಿಗ್ಗೆ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿತ್ತು. ಅದು ಒಳಗೆ ರಕ್ತ ಸೋರುತ್ತಿರುವ ಗುರುತು. ಔಷಧಿ ನಿಲ್ಲಿಸಿ ಆಗಲೇ ವೈದ್ಯರ ಬಳಿ ಓಡಿದ್ದರಿಂದ ಉಳಿದಳು.

ಮೂತ್ರಪಿಂಡ ಸೊರಗಿದ ನಾಯಿಗೆ ಇವೆರಡೂ ಅಪಾಯ. ಕಾರ್ಪ್ರೊಫೆನ್ ಅಪರೂಪಕ್ಕೆ ಯಕೃತ್ತಿಗೂ ತೀವ್ರ ಪೆಟ್ಟು ಕೊಡುತ್ತದೆ. ರಕ್ತಪರೀಕ್ಷೆ ಮಾಡಿಸದೆ ದಯವಿಟ್ಟು ಆರಂಭಿಸಬೇಡಿ. ಸ್ಟೀರಾಯ್ಡ್ ನಡೆಯುತ್ತಿದ್ದರೆ ಅದರ ಜೊತೆಗೆ ಇವೆರಡರಲ್ಲಿ ಯಾವುದನ್ನೂ ಕೊಡುವಂತಿಲ್ಲ.

ನರಗಳ ಮೇಲೆ ಕೆಲಸ ಮಾಡಿ ನೋವು ತಗ್ಗಿಸುವ ಗ್ಯಾಬಾಪೆಂಟಿನ್ ಹೊಟ್ಟೆಗೆ ಹಗುರ. ಆದರೆ ಮಂಪರು ತರುತ್ತದೆ, ಹಿಂಗಾಲು ತೂರಾಡುತ್ತದೆ. ನುಣುಪು ಟೈಲ್ಸ್ ಮೇಲೆ ಚಾಪೆ ಹಾಸಿ. ಉರಿಯೂತವನ್ನು ಇದು ತಗ್ಗಿಸುವುದಿಲ್ಲ. ಮನುಷ್ಯರಿಗಾಗಿ ಮಾಡಿದ ದ್ರವದಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರಬಹುದು, ಅದು ನಾಯಿಗೆ ವಿಷ.

ಕೊಡುವ ಅನುಕೂಲ ನೋಡಿದರೆ, ತೂಕಕ್ಕೆ ತಕ್ಕಂತೆ ಅಳೆಯಬಹುದಾದ ಮೆಲಾಕ್ಸಿಕಾಮ್ ದ್ರವ ಪುಟ್ಟ ನಾಯಿಗೆ ಸುಲಭ, ದಿನಕ್ಕೊಮ್ಮೆ ಸಾಕು. ನಿಮ್ಮದರಂಥ ದೊಡ್ಡ ನಾಯಿಗೆ, ಯಕೃತ್ತು, ಮೂತ್ರಪಿಂಡ ಚೆನ್ನಾಗಿದ್ದರೆ, ಕಾರ್ಪ್ರೊಫೆನ್ ಮಾತ್ರೆ ಹೊಂದುತ್ತದೆ. ಮೂತ್ರಪಿಂಡ ಕೆಟ್ಟಿದ್ದರೆ ಕಡಿಮೆ ಪ್ರಮಾಣದ ಗ್ಯಾಬಾಪೆಂಟಿನ್ ಬಗ್ಗೆ ವೈದ್ಯರನ್ನು ಕೇಳಿ. ಮನೆಯಲ್ಲಿರುವ, ಮನುಷ್ಯರ ನೋವಿನ ಔಷಧಿಯಾದ ಐಬುಪ್ರೊಫೆನ್ ಮಾತ್ರ ಎಂದಿಗೂ ಬೇಡ.